ಅರ್ಧ ಮಿಲಿಮೀಟರ್

ಫೆಬ್ರವರಿ ೩

ಪ್ರೀತಿಯ ಅಕ್ಕಾ,

ಭಾನುವಾರದ ಹತ್ತು ನಿಮಿಷದ ಫೋನನ್ನು ಅಮ್ಮನೇ ಪೂರ್ತಿ ನುಂಗಿಹಾಕುತ್ತಾಳೆ. ಮಿಕ್ಕ ದಿನ ನಮ್ಮೆಲ್ಲರ ಫೋನೂ ಹಾಸ್ಟೆಲ್ ವಾರ್ಡನ್ನಿನ ಬೀರುವಿನಲ್ಲಿ. ಹಾಗಾಗಿ ಪತ್ರ. ನಗಬೇಡ, ನನ್ನ ಕೈಬರಹ ಇನ್ನೂ ಕೋಳಿ ಕಾಲು ಕೆದರಿದ ಹಾಗೇ ಇದೆ.

ವಿಷಯ ಏನೆಂದರೆ, ನನ್ನ ಬೆಲ್ಟಿನ ಕಥೆ ಮುಗಿಯಿತು. ಹತ್ತು ಜನ ಕಟ್ಟಿ ಬಿಟ್ಟ ಬೆಲ್ಟ್ ಅದು. ಬಾರ್ ಹೆಗಲ ಮೇಲೆ ಹೊತ್ತು ಸ್ಕ್ವಾಟಿಗೆ ಇಳಿದರೆ ನಡುವಿನಲ್ಲಿ ಮಡಚಿಕೊಂಡು ಪಕ್ಕೆಗೆ ಚುಚ್ಚುತ್ತದೆ. ಕೋಚ್ ಅಂಗಡಿಯಿಂದ ಲಿವರ್ ಬೆಲ್ಟ್, ಅದೇ ಹಿಡಿ ಒತ್ತಿದರೆ ಬಿಗಿಯುವುದು, ತರಿಸುತ್ತೇನೆ ಎಂದರು. "ನಮ್ಮಕ್ಕ ಚರ್ಮದ ಕೆಲಸದಲ್ಲೇ ಇರುವಾಗ ಅಂಗಡೀದು ಯಾಕೆ ಸಾರ್?" ಎಂದೆ. "ಅವಳು ಮಾಡ್ತಾಳಾ?" ಎಂದರು. ಅಷ್ಟೇ ಎಂದರು. ಮಾಡುತ್ತೀಯ ತಾನೇ? ಸೊಂಟ ಎಪ್ಪತ್ತೊಂದು ಸೆಂಟಿಮೀಟರ್, ಕೋಚ್ ಅಳೆದದ್ದು.

ಇನ್ನೊಂದು ಮಾತು. ಅಮ್ಮನ ಬಾಯಿಂದ ಬರುವ ಮೊದಲು ನಾನೇ ಹೇಳುವುದು ಒಳ್ಳೆಯದು. ನಾನೀಗ ನಿನ್ನ ತೂಕದ ವರ್ಗಕ್ಕೆ ಬಂದಿದ್ದೇನೆ. ಜೂನ್‌ನಲ್ಲಿ ಪವರ್‌ಲಿಫ್ಟಿಂಗ್ ವಲಯ ಕೂಟ. ಸ್ಕ್ವಾಟ್ ಮೂರನೇ ಯತ್ನಕ್ಕೆ ಕೋಚ್ ನೂರ ಅರವತ್ತಮೂರು ಕೆ.ಜಿ. ಬರೆದಿಟ್ಟಿದ್ದಾರೆ. ಸಭಾಂಗಣದ ಬೋರ್ಡಿನಲ್ಲಿ ನಿನ್ನ ಹೆಸರಿನ ಮುಂದೆ ಒಂಬತ್ತು ವರ್ಷದಿಂದ ಕೂತಿರುವ ನೂರ ಅರವತ್ತೆರಡೂವರೆಗಿಂತ ಅದು ಅರ್ಧ ಕೆ.ಜಿ. ಹೆಚ್ಚು.

ಬೈಯಬೇಡ.

ನಿನ್ನ,
ಕಡ್ಡಿ

ಫೆಬ್ರವರಿ ೧೧

ಕಡ್ಡೀ,

ನಿನ್ನ ಸೊಂಟ ಅಳೆಯಲು ಅವನ್ಯಾರು? ಅಳೆದದ್ದು ದರ್ಜಿಯ ಟೇಪಿನಲ್ಲೋ, ಬಡಗಿಯ ಟೇಪಿನಲ್ಲೋ? ದೊಗಳೆ ಪ್ಯಾಂಟಿನ ಮೇಲೋ, ಕೂಟದ ದಿನ ಹಾಕುವ ಬಿಗಿ ಉಡುಪಿನ ಮೇಲೋ? ಉಸಿರು ಬಿಟ್ಟೋ, ತುಂಬಿಕೊಂಡೋ? ಎಪ್ಪತ್ತೊಂದಂತೆ! ಆ ಲೆಕ್ಕದಲ್ಲಿ ಮಾಡಿದರೆ ನಿನ್ನ ಬೆಲ್ಟನ್ನು ಎಮ್ಮೆಗೇ ಕಟ್ಟಬೇಕು. ಬಿಗಿ ಉಡುಪು ಹಾಕಿಕೊಂಡು, ಕನ್ನಡಿ ಮುಂದೆ ನಿಂತು, ಹೊಕ್ಕುಳಿನ ನೇರಕ್ಕೆ ನೀನೇ ಅಳೆ. ಒಂದು ಸಲ ಉಸಿರು ಬಿಟ್ಟು, ಒಂದು ಸಲ ಹೊಟ್ಟೆ ತುಂಬ ಉಸಿರು ಹಿಡಿದು. ಎರಡೂ ಬರೆದು ಕಳಿಸು.

ಲಿವರ್ ಬೇಡ. ತೂಕ ಇಳಿಸಿದ ವಾರ ಸೊಂಟ ಒಂದು ತೂತಿನಷ್ಟು ಸಣ್ಣಗಾಗುತ್ತದೆ. ಲಿವರ್ ಆದರೆ ಸ್ಕ್ರೂ ಬಿಚ್ಚಿ ಜಾಗ ಬದಲಿಸಬೇಕು. ಹೆಸರು ಕೂಗುವ ಹೊತ್ತಿನಲ್ಲಿ ಸ್ಕ್ರೂಡ್ರೈವರ್ ಹುಡುಕುತ್ತಾ ಕೂರುತ್ತೀಯಾ? ಒಂಟಿ ಮುಳ್ಳಿನ ಬಕಲ್ ಸಾಕು.

ನಿಯಮ ನೆನಪಿರಲಿ. ಅಗಲ ಹತ್ತು ಸೆಂಟಿಮೀಟರ್, ದಪ್ಪ ಹದಿಮೂರು ಮಿಲಿಮೀಟರ್. ಕೂದಲೆಳೆ ಹೆಚ್ಚಾದರೂ ಕಟ್ಟುವ ಹಾಗಿಲ್ಲ. ಬೆಳಗಿನ ತಪಾಸಣೆಯಲ್ಲಿ ಕಣ್ಣಳತೆಯಲ್ಲಿ ನೋಡಿ ಮುದ್ರೆ ಒತ್ತಿಬಿಡುತ್ತಾರೆ. ಆದರೆ ದಾಖಲೆ ಮುರಿದವರನ್ನು ಹಾಗೆ ಬಿಡುವುದಿಲ್ಲ. ಅಲ್ಲೇ ವೇದಿಕೆಯ ಪಕ್ಕ ಬೆಲ್ಟ್ ಬಿಚ್ಚಿಸಿ, ಕ್ಯಾಲಿಪರ್ ಇಟ್ಟು ಅಳೆಯುತ್ತಾರೆ. ನನ್ನದನ್ನು ಅಳೆದಾಗ ಹನ್ನೆರಡು ಮುಕ್ಕಾಲು ಬಂದಿತ್ತು.

ಈಗ ನಿಜ ಹೇಳುತ್ತೇನೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನಿನ್ನ ಪತ್ರ ಓದಿ ನನಗೆ ಹೊಟ್ಟೆ ಉರಿಯಿತು. ನನ್ನ ಮಂಡಿ ಕೆಟ್ಟ ವರ್ಷ ಇದೇ ಕೋಚ್ ನನಗೆ "ರೆಸ್ಟ್ ತಗೋ, ಆಮೇಲೆ ನೋಡೋಣ" ಎಂದ. ಏಳು ವರ್ಷದಿಂದ ನಾನು ರೆಸ್ಟ್ ತೆಗೆದುಕೊಳ್ಳುತ್ತಿದ್ದೇನೆ, ಅವನು ಇನ್ನೂ ನೋಡುತ್ತಿದ್ದಾನೆ. ಇತ್ತ ಅಮ್ಮ ಬೀರುವಿನ ಬಾಗಿಲಿಗೆ ನಿನ್ನ ಫೋಟೊ ಅಂಟಿಸಿದ್ದಾಳೆ. ಎಲ್ಲಿ ಗೊತ್ತೇ? ನನ್ನ ಫೋಟೊ ಮೇಲೆ. "ಜಾಗ ಇರ್ಲಿಲ್ಲ ಕಣೇ, ನಿಂದು ಹೇಗಿದ್ರೂ ಮಾಸಿತ್ತು" ಎಂದಳು. ನಿನ್ನ ಫೋಟೊ ಕೆಳಗೆ ನನ್ನ ಎರಡು ಬೂಟು ಮಾತ್ರ ಕಾಣುತ್ತವೆ.

ಬೆಲ್ಟ್ ಮಾಡುತ್ತೇನೆ. ಮಾಡ್ತಾಳಂತೆ ಎಂದು ಅವನಿಗೆ ಹೇಳು.

ಅಕ್ಕ

ಫೆಬ್ರವರಿ ೨೦

ಅಕ್ಕಾ,

ಉಸಿರು ಬಿಟ್ಟರೆ ಎಪ್ಪತ್ತು, ಹಿಡಿದರೆ ಎಪ್ಪತ್ತಮೂರೂವರೆ. ಮೂರು ಸಲ ಅಳೆದೆ, ಕೋಚ್ ಹತ್ತಿರ ಸುಳಿಯಲಿಲ್ಲ, ಸಮಾಧಾನವಾಯಿತೇ?

ಮಂಡಿಗೆ ಹಾಕುವ ಬಿಗಿ ರಬ್ಬರ್ ಸ್ಲೀವ್ ಬಂದಿವೆ. ಒಂದು ಸೈಜ್ ಚಿಕ್ಕದೇ ಬೇಕು ಎಂದರು ಕೋಚ್. ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಅದರ ಮೇಲೆ ಸ್ಲೀವ್ ಜಾರಿಸಿ, ಆಮೇಲೆ ಚೀಲ ಎಳೆದು ತೆಗೆಯಬೇಕು. ಒಬ್ಬಳು ನನ್ನ ಹಿಂದೆ ಕೂತು ಹಿಡಿದಿದ್ದಳು, ಇನ್ನಿಬ್ಬರು ಮುಂದೆ ಎಳೆದರು. ಥೇಟ್ ಹಸುವಿಗೆ ಕರು ಹಾಕಿಸಿದ ಹಾಗೆ. ಸ್ಲೀವ್ ಏರಿದ ಮೇಲೆ ನನಗೆ ನಡೆಯಲು ಬರಲಿಲ್ಲ, ಆದರೆ ನೂರ ನಲವತ್ತು ಕೆ.ಜಿ. ಹೊತ್ತು ಎದ್ದೆ! ಬೂಟೂ ಬಂತು, ಹಿಮ್ಮಡಿ ಎತ್ತರದ್ದು. ಮೊದಲ ದಿನ ಮುಂದಕ್ಕೆ ವಾಲಿ ಬೀಳುವ ಹಾಗಾಯಿತು, ಈಗ ಅದಿಲ್ಲದೆ ಆಗುವುದಿಲ್ಲ.

ಅಕ್ಕಾ, ಒಂದು ಕೇಳಲಾ? ಹೊಸದು ಹೊಲಿಯುವ ತಾಪತ್ರಯ ಯಾಕೆ? ನಿನ್ನ ಹಳೇ ಬೆಲ್ಟೇ ಕೊಟ್ಟುಬಿಡು. ಬೀರುವಿನ ಮೇಲೆ ಸುಮ್ಮನೆ ಬಿದ್ದಿದೆಯಲ್ಲ.

ಕಡ್ಡಿ

ಫೆಬ್ರವರಿ ೨೬

ಕಡ್ಡೀ,

ಬೇರೆ ಏನು ಬೇಕಾದರೂ ಕೇಳು. ನನ್ನ ಬೆಲ್ಟ್ ಕೇಳಬೇಡ. ಅದು ಸುಮ್ಮನೆ ಬಿದ್ದಿಲ್ಲ.

ಅಕ್ಕ

ಮಾರ್ಚ್ ೧೯

ಕಡ್ಡೀ,

ಈ ಪಾರ್ಸೆಲಿನಲ್ಲಿ ನಿನ್ನ ಬೆಲ್ಟ್ ಇದೆ. ಒಂದೇ ತೊಗಲಿನ ಬೆನ್ನಿನ ಭಾಗದಿಂದ ಕೊಯ್ದದ್ದು, ಹೊಟ್ಟೆಯ ಭಾಗದ ಚರ್ಮ ಹಿಗ್ಗುತ್ತದೆ. ಒಳಗೆ ಮೆದು ಚರ್ಮದ ಪದರ ಕೊಟ್ಟಿದ್ದೇನೆ, ನಿನ್ನ ಪಕ್ಕೆ ಚುಚ್ಚಬಾರದಲ್ಲ. ಅಂಚಿನಲ್ಲಿ ನಾಲ್ಕು ಸಾಲು ಹೊಲಿಗೆ, ಕೈಯಲ್ಲೇ. ಮಿಷನ್ನಿಗೆ ಇಷ್ಟು ದಪ್ಪ ಹಿಡಿಯುವುದಿಲ್ಲ, ಸೂಜಿ ಮುರಿಯುತ್ತದೆ. ತೂತು ಎರಡೂವರೆ ಸೆಂಟಿಮೀಟರಿಗೆ ಒಂದು. ಮಧ್ಯದ ತೂತು ನಿನ್ನ ಮಾಮೂಲಿ ಸೊಂಟಕ್ಕೆ, ಅದರ ಒಳಗಿನದು ಕೂಟದ ದಿನಕ್ಕೆ.

ಹೊಸ ಬೆಲ್ಟ್ ಹಲಗೆಯ ಹಾಗಿರುತ್ತದೆ. ದಿನಾ ಚಾಪೆ ಸುತ್ತಿದ ಹಾಗೆ ಸುತ್ತಿ, ಬಿಚ್ಚಿ, ತಿರುಗಿಸಿ ಸುತ್ತು. ಎಣ್ಣೆ ಹಚ್ಚಬೇಡ. ಎರಡು ವಾರ ಸೊಂಟದ ಮೇಲೆ ಬರೆ ಬರುತ್ತದೆ, ಆಮೇಲೆ ನಿನ್ನ ಮಾತು ಕೇಳುತ್ತದೆ.

ವರ್ಕ್‌ಶಾಪಿನ ಮಾಲೀಕರು ಬೆಲ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಕೈಚೀಲ ಹೊಲಿಯೋವಾಗ ಈ ಶ್ರದ್ಧೆ ಎಲ್ಲಿಗೆ ಹೋಗಿರುತ್ತಮ್ಮ?" ಎಂದರು. ನಾನು ಬೆಲ್ಟನ್ನು ಕಾಗದಕ್ಕೆ ಸುತ್ತಿದೆ. ನಿನಗೆ ಕಡ್ಡಿ ಎಂದು ಹೆಸರಿಟ್ಟವಳು ನಾನು. ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದೆ, ನನ್ನ ಜಿಮ್ ಚೀಲವನ್ನು ನೆಲದ ಮೇಲೆ ಎಳೆದುಕೊಂಡು ಬರುತ್ತಿದ್ದೆ. ನನ್ನ ದಾಖಲೆ ಮುರಿಯುವವಳ ಸೊಂಟಕ್ಕೆ ನಾನೇ ಬೆಲ್ಟ್ ಹೊಲಿದೆ ನೋಡು. ಯಾವ ಮಹಾತಾಯಿ ಮಾಡುತ್ತಾಳೆ?

ಅಕ್ಕ

ಏಪ್ರಿಲ್ ೨

ಅಕ್ಕಾ ಅಕ್ಕಾ ಅಕ್ಕಾ,

ಎಂಥಾ ಬೆಲ್ಟೇ ಇದು! ಸೊಂಟದ ಸುತ್ತ ಕೆಂಪು ಬರೆ ಎದ್ದಿದೆ, ಮಲಗಿದರೆ ಉರಿಯುತ್ತದೆ, ಆದರೂ ಬಿಚ್ಚಲು ಮನಸ್ಸಿಲ್ಲ. ನಿನ್ನೆ ನೂರ ಐವತ್ತೈದು ಹೊತ್ತು ಎದ್ದೆ. ಕೆಳಗೆ ಇಳಿದಾಗ ಹೊಟ್ಟೆಯಿಂದ ಬೆಲ್ಟಿಗೆ ಒತ್ತಿದೆ, ಬೆಲ್ಟ್ ತಿರುಗಿ ಒತ್ತಿತು. ಯಾರೋ ಹಿಂದಿನಿಂದ ಅಪ್ಪಿ ಹಿಡಿದ ಹಾಗಿತ್ತು.

ಒಂದು ತಮಾಷೆ. ಕೋಚ್ ಬೆಲ್ಟ್ ನೋಡಿ "ದಪ್ಪ ಚೂರು ಜಾಸ್ತಿ ಅನ್ಸುತ್ತೆ, ಕ್ಯಾಲಿಪರ್ ತಗೊಂಡ್ಬಾ" ಎಂದರು. ನಾನು ಬಿಡಲಿಲ್ಲ. "ನಮ್ಮಕ್ಕ ಮಾಡಿದ್ದನ್ನ ನೀವು ಅಳೀತೀರಾ ಸಾರ್? ನಿಯಮ ನನಗೆ ಕಲಿಸಿದವಳೇ ಅವಳು" ಎಂದೆ. ಅವರು ಮುಖ ಇಷ್ಟು ಮಾಡಿಕೊಂಡು ಹೋದರು. ಅವರಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಎಂದು ನನ್ನ ಗುಮಾನಿ.

ನಿನ್ನ,
ಕಡ್ಡಿ

ಏಪ್ರಿಲ್ ೨೫

ಕಡ್ಡೀ,

ನಿನ್ನ ಪತ್ರಕ್ಕೆ ಮೂರು ಸಲ ಉತ್ತರ ಬರೆಯಲು ಕೂತು ಎದ್ದೆ. ಕೆಲಸ ಜಾಸ್ತಿ.

ಕೋಚ್ ಅಳೆದರೆ ಅಳೆಯಲಿ ಎಂದು ಬಿಡಬೇಕಿತ್ತು. ಅದರಲ್ಲಿ ಅವಮಾನವೇನಿಲ್ಲ. ಅಥವಾ ಬೆಲ್ಟ್ ಬಿಗಿ ಎನಿಸಿದರೆ, ಬೆನ್ನಿಗೆ ಗಡಸು ಎನಿಸಿದರೆ ವಾಪಸ್ ಕಳಿಸು. ಒಂದು ವಾರದಲ್ಲಿ ಸರಿ ಮಾಡಿ ಕೊಡುತ್ತೇನೆ. ಕಳಿಸಿದರೆ ಒಳ್ಳೆಯದು ಎಂದೇ ನನಗೆ ಅನಿಸುತ್ತದೆ.

ಅಮ್ಮ ಚೆನ್ನಾಗಿದ್ದಾಳೆ. ಜೂನ್‌ವರೆಗೆ ದಿನ ಎಣಿಸುತ್ತಿದ್ದಾಳೆ. ಪಕ್ಕದ ಮನೆಯವರಿಗೆ "ದೊಡ್ಡವಳ ದಾಖಲೆ ಚಿಕ್ಕವಳು ಮುರೀತಾಳೆ, ಅದು ಮನೆ ಬಿಟ್ಟು ಆಚೆ ಹೋಗಲ್ಲ" ಎಂದು ಹೇಳಿಕೊಂಡು ನಗುತ್ತಾಳೆ. ನಾನೂ ಜೊತೆಗೆ ನಗುತ್ತೇನೆ.

ಅಕ್ಕ

ಮೇ ೪

ಅಕ್ಕಾ,

ವಾಪಸ್ಸಾ? ಹುಚ್ಚಾ ನಿನಗೆ? ಈ ಬೆಲ್ಟ್ ಬಿಟ್ಟು ನಾನು ಒಂದು ದಿನ ಇರಲಾರೆ.

ಕಡ್ಡಿ

ಜೂನ್ ೯

ಅಕ್ಕಾ,

ಭಾನುವಾರ ಫೋನಿನಲ್ಲಿ ಅಮ್ಮನಿಗೆ ಎಷ್ಟು ಹೇಳಬೇಕೋ ಅಷ್ಟೇ ಹೇಳಿದ್ದೇನೆ. ನಿನಗೆ ಪೂರ್ತಿ ಹೇಳುತ್ತೇನೆ.

ಬೆಳಿಗ್ಗೆ ತಪಾಸಣೆಯಲ್ಲಿ ಬೂಟು, ಕಾಲುಚೀಲ, ಮಂಡಿ ಸ್ಲೀವ್, ಬೆಲ್ಟ್ ಎಲ್ಲ ಮೇಜಿನ ಮೇಲೆ ಹರವಿದೆ. ಕಣ್ಣಾಡಿಸಿ ಮುದ್ರೆ ಒತ್ತಿದರು. ಮೊದಲ ಯತ್ನ ಸಲೀಸು. ಎರಡನೆಯದು ನೂರ ಐವತ್ತೇಳೂವರೆ, ಅದೂ ಸಲೀಸು. ಮೂರನೆಯದಕ್ಕೆ ನೂರ ಅರವತ್ತಮೂರು ಹಾಕಿದರು. ಒಳಗಿನ ತೂತಿಗೆ ಬೆಲ್ಟ್ ಬಿಗಿದೆ. ಇಳಿದೆ, ಅಕ್ಕಾ. ಅರ್ಧ ದಾರಿಯಲ್ಲಿ ಬಾರ್ ನಿಂತೇಬಿಟ್ಟಿತು. ನೀನು ಚಿಕ್ಕಂದಿನಲ್ಲಿ ಹೇಳುತ್ತಿದ್ದೆಯಲ್ಲ, "ಸೋತಂಗೆ ಅನ್ಸಿದಾಗ ಬೆಲ್ಟಿಗೆ ಉಸಿರು ಒತ್ತು" ಎಂದು, ಒತ್ತಿದೆ. ಎದ್ದೆ. ಮೂರು ಬಿಳಿ ದೀಪ, ಮೂವರು ತೀರ್ಪುಗಾರರೂ ಸರಿ ಎಂದರು.

ಎರಡು ನಿಮಿಷ ದಾಖಲೆ ನನ್ನದಾಗಿತ್ತು. ಆಮೇಲೆ ತೀರ್ಪುಗಾರರು ಬೆಲ್ಟ್ ಬಿಚ್ಚಿಸಿ ಕ್ಯಾಲಿಪರ್ ಇಟ್ಟರು. ಒಂದು ಕಡೆ ಹದಿಮೂರೂವರೆ. ಇನ್ನೊಂದು ಕಡೆ ಹದಿಮೂರೂವರೆ. ಐದು ಕಡೆ ಅಳೆದರು, ಎಲ್ಲ ಕಡೆ ಹದಿಮೂರೂವರೆ. ಎತ್ತಿದ್ದು ರದ್ದು. ನನ್ನನ್ನು ಇಡೀ ಕೂಟದಿಂದಲೇ ಹೊರಗೆ ಹಾಕಿದರು. ಬೆವರಿಗೆ ಉಬ್ಬಿರಬೇಕು ಎಂದೆ. ತೀರ್ಪುಗಾರ್ತಿ ಪಾಪ ಒಳ್ಳೆಯವಳು. "ಬೆವರಿಗೆ ಉಬ್ಬಿದ್ರೆ ಎಲ್ಲಾ ಕಡೆ ಇಷ್ಟು ಸಮನಾಗಿ ಉಬ್ಬಲ್ಲಮ್ಮ. ಮಾಡಿದವರ ಕೈ ತುಂಬಾ ಚೆನ್ನಾಗಿದೆ" ಎಂದಳು.

ಹಾಸ್ಟೆಲಿಗೆ ಬಂದು ನಿನ್ನ ಫೆಬ್ರವರಿಯ ಪತ್ರ ತೆಗೆದು ಓದಿದೆ. ಹದಿಮೂರು, ಕೂದಲೆಳೆ ಹೆಚ್ಚಾಗಬಾರದು, ದಾಖಲೆ ಮುರಿದವರದನ್ನು ಮಾತ್ರ ಅಳೆಯುತ್ತಾರೆ. ನೀನೇ ಬರೆದದ್ದು. ಏಪ್ರಿಲಿನದನ್ನೂ ಓದಿದೆ.

ನನಗೆ ಒಂದೇ ಮಾತು ಬೇಕು. ಕಳಿಸುವ ಮೊದಲು ನೀನು ಅಳೆದೆಯಾ?

ಕಡ್ಡಿ

ಜೂನ್ ೧೭

ಅಳೆದೆ.

ಇಷ್ಟು ಬರೆದು ಮುಗಿಸಿಬಿಡೋಣ ಎಂದಿದ್ದೆ. ಆದರೆ ಹೇಳುವುದಾದರೆ ಪೂರ್ತಿ ಹೇಳುತ್ತೇನೆ, ಅಡ್ಡಗೋಡೆ ಮೇಲೆ ದೀಪ ಇಟ್ಟದ್ದು ಸಾಕು.

ಹೊರಗಿನ ಚರ್ಮ ಹತ್ತು ಮಿಲಿಮೀಟರ್. ಒಳಪದರದ ಚರ್ಮ ಮೂರೂವರೆ. ಅಂಟಿಸುವ ಮೊದಲು ಒಳಪದರವನ್ನು ಅರ್ಧ ಮಿಲಿಮೀಟರ್ ಹೆರೆಯಬೇಕಿತ್ತು. ಹತ್ತು ನಿಮಿಷದ ಕೆಲಸ. ಹೆರೆಯುವ ಕತ್ತಿ ಕೈಯಲ್ಲೇ ಇತ್ತು, ಕಲ್ಲಿಗೆ ಉಜ್ಜಿ ಹರಿತ ಮಾಡಿಟ್ಟಿದ್ದೆ. ಆಗ ಒಂದು ಯೋಚನೆ ಬಂತು. ಈ ಬೆಲ್ಟ್ ಕಟ್ಟಿಕೊಂಡು ನೀನು ನನ್ನಷ್ಟು ಎತ್ತಿದರೂ ಯಾರೂ ಅಳೆಯುವುದಿಲ್ಲ, ನೀನು ಗೆದ್ದು ಬರಬಹುದು, ಪದಕ ತರಬಹುದು. ನನಗಿಂತ ಹೆಚ್ಚು ಎತ್ತಿದರೆ ಮಾತ್ರ ಸಿಕ್ಕಿಬೀಳುತ್ತೀಯ. ಕತ್ತಿಯನ್ನು ಡ್ರಾಯರಿಗೆ ಹಾಕಿ ಅಂಟು ಬಳಿದೆ. ಮಾಲೀಕರು ಹೊಗಳಿದ ಶ್ರದ್ಧೆ ಅದು.

ನೀನು ಕೋಚ್‌ಗೆ ಅಳೆಯಲು ಬಿಡಲಿಲ್ಲ ಎಂದು ಬರೆದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ನನಗೆ. ಆದರೂ 'ಅಳೆ' ಎಂದು ಒಂದು ಪದ ಬರೆಯುವುದು ಬಿಟ್ಟು ಬಿಗಿ, ಗಡಸು ಎಂದೆಲ್ಲ ಬರೆದೆ. ನೀನು ಕಳಿಸುವುದಿಲ್ಲ ಎಂದು ಗೊತ್ತಿತ್ತು.

ಭಾನುವಾರ ಅಮ್ಮ ಫೋನ್ ಇಟ್ಟು, "ಎತ್ತಿದ್ಲಂತೆ. ಆದ್ರೆ ಎತ್ತಿಲ್ವಂತೆ. ಏನೇ ಅದು?" ಎಂದಳು. ನನಗೆ ಆಗ ಏನನಿಸಿತು ಎಂದು ಕೇಳು. ಹಾಲು ಕುಡಿದಷ್ಟು ಸಂತೋಷವಾಯಿತು. ಬೋರ್ಡಿನ ಮೇಲೆ ನನ್ನ ಹೆಸರು ಹಾಗೇ ಇದೆ ಎಂದು. ನೆಮ್ಮದಿಯಾಗಿ ಊಟ ಮಾಡಿದೆ, ಎರಡನೇ ಸಲ ಬಡಿಸಿಕೊಂಡೆ. ಆಮೇಲೆ ಕೈ ತೊಳೆಯುವಾಗ, ನೀನು ನೂರ ಅರವತ್ತಮೂರರ ಕೆಳಗೆ ಕೂತು ನನ್ನ ಮಾತು ನೆನೆಸಿಕೊಂಡಿರುತ್ತೀಯ ಎಂದು ಹೊಳೆಯಿತು, ಯಾಕೆಂದರೆ ಆ ಮಾತು ನಿನಗೆ ಕಲಿಸಿದವಳು ನಾನೇ. ನಲ್ಲಿ ಬಿಟ್ಟುಕೊಂಡು ಅತ್ತೆ. ಅಮ್ಮ ನೀರು ಪೋಲಾಗುತ್ತದೆ ಎಂದು ಕೂಗುತ್ತಿದ್ದಳು.

ಕ್ಷಮಿಸು ಎಂದು ಕೇಳುವ ಮುಖ ಇಲ್ಲ. ಈ ಪಾರ್ಸೆಲಿನಲ್ಲಿ ನನ್ನ ಹಳೇ ಬೆಲ್ಟ್ ಇದೆ. ಹನ್ನೆರಡು ಮುಕ್ಕಾಲು ಇತ್ತು, ಸವೆದು ಈಗ ಹನ್ನೆರಡೂವರೆ. ನೀನೇ ಅಳೆ. ನಿನ್ನ ಸೊಂಟಕ್ಕೆ ಒಂದು ಹೊಸ ತೂತು ಹೊಡೆದಿದ್ದೇನೆ. ಅಕ್ಟೋಬರಿನ ಕೂಟಕ್ಕೆ ಇದನ್ನು ಕಟ್ಟಿಕೋ.

ಅಕ್ಕ

ಆಗಸ್ಟ್ ೫

ಕಡ್ಡೀ,

ಪಾರ್ಸೆಲ್ ತಲುಪಿತೇ? ಅಷ್ಟು ಮಾತ್ರ ಬರೆ. ಭಾನುವಾರ ನೀನು ನಗುವುದು ಫೋನಿನಾಚೆಯಿಂದ ಕೇಳಿಸುತ್ತದೆ. ಅಮ್ಮ "ಅಕ್ಕಂಗೆ ಕೊಡ್ಲಾ?" ಎನ್ನುತ್ತಾಳೆ, ಅಷ್ಟರಲ್ಲಿ ಹತ್ತು ನಿಮಿಷ ಮುಗಿದಿರುತ್ತದೆ. ಪ್ರತಿ ವಾರವೂ ಸರಿಯಾಗಿ ಅಲ್ಲಿಗೇ ಮುಗಿಯುತ್ತದೆ.

ಅಕ್ಕ

ಆಗಸ್ಟ್ ೩೦

ಅಕ್ಕಾ,

ತಲುಪಿತು. ಎರಡು ತಿಂಗಳು ಮಂಚದ ಕೆಳಗೆ ಇಟ್ಟಿದ್ದೆ. ಕೋಪಕ್ಕೆ ಅದನ್ನು ಒಂದು ದಿನ ಕಾಲಿನಿಂದ ಒದ್ದೆ, ಬೆರಳಿಗೆ ಪೆಟ್ಟಾಯಿತು. ನಿನ್ನ ಬೆಲ್ಟ್ ಕೂಡ ನಿನ್ನ ಹಾಗೇ.

ಕೋಚ್‌ಗೆ ನಾನು ಏನೂ ಹೇಳಿಲ್ಲ. "ಕೈತಪ್ಪು ಸಾರ್" ಎಂದೆ. ಅವರು ನಂಬಲಿಲ್ಲ. "ಅವಳ ಕೈ ತಪ್ಪಲ್ಲ, ನನಗೊತ್ತು" ಎಂದರು. ನಿನ್ನ ಬಗ್ಗೆ ಅವರು ಒಳ್ಳೆಯ ಮಾತಾಡಿದ್ದು ಇದೊಂದೇ, ತೆಗೆದುಕೋ.

ನೀನು ತಪ್ಪು ಮಾಡಿದ್ದಕ್ಕಿಂತ ಅದನ್ನು ಅಷ್ಟು ಚೆನ್ನಾಗಿ ಮಾಡಿದೆಯಲ್ಲ, ಅದಕ್ಕೆ ನನಗೆ ಮೈಯೆಲ್ಲ ಉರಿಯುತ್ತದೆ. ನನಗೂ ಹೊಟ್ಟೆಕಿಚ್ಚು ಇಲ್ಲ ಎಂದುಕೊಂಡೆಯಾ? ಎಲ್ಲಿ ಹೋದರೂ 'ಅವಳ ತಂಗಿ'. ನನ್ನ ಇಪ್ಪತ್ತೊಂದನೇ ವರ್ಷದಲ್ಲೂ 'ಅವಳ ತಂಗಿ'. ನಿನ್ನ ದಾಖಲೆಯ ಮೇಲೆ ನನ್ನ ಕಣ್ಣು ಬಿದ್ದು ಒಂಬತ್ತು ವರ್ಷವಾಯಿತು. ಅದು ಬಿದ್ದಾಗ ನಿನಗೆ ನೋಯುತ್ತದೆ ಎಂದು ಗೊತ್ತಿದ್ದೇ ನಿನ್ನ ಹತ್ತಿರ ಬೆಲ್ಟ್ ಕೇಳಿದೆ. ಅದನ್ನೂ ತಿಳಿದುಕೋ.

ಈ ಪಾರ್ಸೆಲಿನಲ್ಲಿ ಎರಡು ಬೆಲ್ಟ್ ಇವೆ. ಒಂದು ನಿನ್ನದು, ವಾಪಸ್. ಅದನ್ನು ಕಟ್ಟಿಕೊಂಡು ನಾನು ದಾಖಲೆ ಮುರಿದರೆ ನೀನು ಜೀವನಪೂರ್ತಿ "ಎತ್ತಿದ್ದು ನನ್ನ ಬೆಲ್ಟು" ಎನ್ನುತ್ತೀಯ. ನನಗೆ ಗೊತ್ತಿಲ್ಲವೇ ನೀನು?

ಇನ್ನೊಂದು ನನ್ನದು. ಅರ್ಧ ಮಿಲಿಮೀಟರ್ ಹೆರೆ. ಹತ್ತು ನಿಮಿಷದ ಕೆಲಸ ಎಂದೆಯಲ್ಲ, ಮಾಡು. ಅಕ್ಟೋಬರ್ ಹನ್ನೆರಡಕ್ಕೆ ಕೂಟ. ಬೆಲ್ಟನ್ನು ಪಾರ್ಸೆಲ್ ಮಾಡಬೇಡ, ನೀನೇ ತಂದು ನೀನೇ ಬಿಗಿ. ಬಿಗಿಯುವಾಗ ನನ್ನ ಮುಖ ನೋಡಬೇಕು ನೀನು.

ಕಡ್ಡಿ

ಸೆಪ್ಟೆಂಬರ್ ೧೪

ಕಡ್ಡೀ,

ಆಗ ಹತ್ತು ನಿಮಿಷ. ಈಗ ನಾಲ್ಕು ಸಾಲು ಹೊಲಿಗೆ ಬಿಚ್ಚಿ, ಅಂಟನ್ನು ಬಿಸಿ ಮಾಡಿ ಬಿಡಿಸಿ, ಹೆರೆದು, ಮತ್ತೆ ಅಂಟಿಸಿ, ಅವೇ ತೂತುಗಳಲ್ಲಿ ದಾರ ಪೋಣಿಸಿ ಹೊಲಿಯಲು ಆರು ದಿನ ಹಿಡಿಯಿತು. ನಿನ್ನ ಬೆವರು ಒಳಪದರದಲ್ಲಿ ಕಪ್ಪಗೆ ಇಳಿದಿದೆ, ಬಲಪಕ್ಕೆಯ ಕಡೆ ಜಾಸ್ತಿ. ನೀನು ಇನ್ನೂ ಬಲಕ್ಕೆ ವಾಲುತ್ತೀಯ, ತಿದ್ದಿಕೋ. ಅರ್ಧದ ಬದಲು ಮುಕ್ಕಾಲು ಮಿಲಿಮೀಟರ್ ಹೆರೆದೆ, ಈಗ ಐದು ಕಡೆ ಹನ್ನೆರಡು ಮುಕ್ಕಾಲು ಇದೆ. ನಾನು ಅಳೆದೆ, ಆಮೇಲೆ ಮಾಲೀಕರ ಕೈಯಲ್ಲಿ ಅಳೆಸಿದೆ, ನನ್ನ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಹೆರೆಯುವಾಗ ಮನಸ್ಸು ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದೊಂದು ಸಿಪ್ಪೆ ಎದ್ದಾಗಲೂ ಹೊಟ್ಟೆಯಲ್ಲಿ ಉರಿಯಿತು. ಉರಿಯುತ್ತಲೇ ಹೆರೆದೆ.

ಬರುತ್ತೇನೆ. ಅಮ್ಮನೂ ಬರುತ್ತಾಳೆ, ಎರಡು ಫೋಟೊ ಪಕ್ಕಪಕ್ಕ ಅಂಟಿಸಲು ಜಾಗ ಮಾಡಿಕೊಂಡಿದ್ದಾಳೆ. ಬೀರುವಿನ ಬಾಗಿಲು ಇದ್ದಕ್ಕಿದ್ದ ಹಾಗೆ ಅಗಲವಾಯಿತಂತೆ. ನಿನ್ನ ಎದುರಿಗೆ ಮಂಡಿ ಊರಿ ಬೆಲ್ಟ್ ಎಳೆಯಲು ನನಗೆ ಒಳ್ಳೆಯ ಮಂಡಿ ಇನ್ನೂ ಒಂದಿದೆ. ಬಕಲ್ಲಿಗೆ ಕೋಚ್ ಕೈ ಹಾಕಕೂಡದು, ಈಗಲೇ ಹೇಳಿಡು. ನಿನ್ನ ಮುಖ ನೋಡಿಯೇ ಬಿಗಿಯುತ್ತೇನೆ. ನನ್ನ ಮುಖ ಹೇಗಿರುತ್ತದೋ ಗೊತ್ತಿಲ್ಲ, ಸಹಿಸಿಕೋ.

ಕೊನೆಗೆ ಒಂದು ಮಾತು, ಇದನ್ನು ನಡೆಸಿಕೊಡು. ಮೂರನೇ ಯತ್ನಕ್ಕೆ ನೂರ ಅರವತ್ತಮೂರು ಬರೆಸಬೇಡ. ಒಂಬತ್ತು ವರ್ಷ ಕಾಪಾಡಿಕೊಂಡದ್ದನ್ನು ಬರೀ ಅರ್ಧ ಕೆ.ಜಿ.ಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ನೂರ ಅರವತ್ತೈದು ಹಾಕಿಸು.

ಅಕ್ಕ